ತಾಯಿ ಕಾರ್ಡ್ ಹಿಡಿದ ಗುರುವಾರ

ಆಗಸ್ಟ್ ತಿಂಗಳ ಗುರುವಾರ, ಬೆಳಿಗ್ಗೆ ಎಂಟೂವರೆ. ಗಂಗಾವತಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಮೇಜಿನ ಮೇಲಿಟ್ಟ ಐಸ್‌ಪ್ಯಾಕ್‌ಗಳು ಬೆವರುತ್ತಿವೆ. ನೀಲಿ ಡಬ್ಬಿಗೆ ತುಂಬುವ ಮುನ್ನ ಸಿಬ್ಬಂದಿ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾರೆ. ಒಳಗೆ ನೀರು ಗುಳುಗುಳು ಅಂದರೆ ಮಾತ್ರ ಡಬ್ಬಿಗೆ. ಇಲ್ಲದಿದ್ದರೆ ಇನ್ನಷ್ಟು ಹೊತ್ತು ಮೇಜಿನ ಮೇಲೇ. ಗಟ್ಟಿ ಮಂಜಿಗೆ ತಾಗಿದರೆ ಪೆಂಟಾವೇಲೆಂಟ್, ಟಿಡಿಯಂಥ ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಬಿಸಿಯಾದರೂ ಕೆಡುತ್ತವೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವಿನ ಆ ತಂಪನ್ನು ಕಾರ್ಖಾನೆಯಿಂದ ಊರಿನ ಓಣಿಯವರೆಗೆ ಯಾರಾದರೊಬ್ಬರು ಕಾಯುತ್ತಲೇ ಬಂದಿರುತ್ತಾರೆ. ಕೊನೆಯ ಹಂತದಲ್ಲಿ ಅದನ್ನು ಕಾಯುವವನು ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಕಾಲುವೆ ರಸ್ತೆಯಲ್ಲಿ ಹೊರಟ ಹುಡುಗ.

ರಸ್ತೆಯ ಎರಡೂ ಬದಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು. ನಾಟಿಯ ಕಾಲ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಾಗಿದ್ದಾರೆ. ಅವರ ಹಿಂದೆ ಬೆಳ್ಳಕ್ಕಿಗಳು. ಊರೊಳಗಿನ ಅಂಗನವಾಡಿಯಲ್ಲಿ ಕಾರ್ಯಕರ್ತೆ ಆಗಲೇ ಕಸ ಹೊಡೆದು, ತೂಕದ ಯಂತ್ರವನ್ನು ನೆಲಕ್ಕಿಟ್ಟು, ಮೂರು ವರ್ಷದವರನ್ನೆಲ್ಲ ಒಂದು ಮೂಲೆಗೆ ಕೂರಿಸಿದ್ದಾಳೆ. ಎಎನ್‌ಎಂ ಬಂದು ಮೇಜಿನ ಮೇಲೆ ಬಟ್ಟೆ ಹಾಸುತ್ತಾರೆ. ಸರ್ಕಾರ ಈಗ ಅವರನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತದೆ, ಊರು ಇನ್ನೂ ನರ್ಸಕ್ಕ ಎಂದೇ ಕರೆಯುತ್ತದೆ. ಒಂದು ಸಲ ಒತ್ತಿದ ಮೇಲೆ ತಾನಾಗಿ ಸಿಕ್ಕಿಕೊಂಡು ಮತ್ತೆ ಬಳಕೆಗೆ ಬಾರದ ಸಿರಿಂಜುಗಳು, ಸೂಜಿ ತುಂಡರಿಸುವ ಕಟರ್, ಕೆಂಪು ಚೀಲ, ಅಪರೂಪಕ್ಕೆ ಅಲರ್ಜಿಯಾದರೆ ಬೇಕೆಂದು ಅಡ್ರಿನಲಿನ್ ಇರುವ ತುರ್ತು ಪೆಟ್ಟಿಗೆ, ಜ್ವರದ ಔಷಧಿ, ದಪ್ಪ ರಿಜಿಸ್ಟರು. ಎಲ್ಲ ಜೋಡಿಸಿಟ್ಟು ಅವರು ಪ್ರತಿ ಸೀಸೆಯ ಮೇಲಿನ ಪುಟ್ಟ ವೃತ್ತವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ವೃತ್ತದೊಳಗಿನ ಚೌಕ ಹೊರಗಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿ ಇದೆ. ಎರಡೂ ಒಂದೇ ಬಣ್ಣವಾದರೆ ಅದನ್ನು ಎಸೆಯಬೇಕು.

ಹತ್ತು ಗಂಟೆಗೆ ಆಶಾ ಕಾರ್ಯಕರ್ತೆಯ ಹಿಂದೆ ತಾಯಂದಿರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಮಣಿ ಪೋಣಿಸಿದ ಕುಂಚಿಗೆಯೊಳಗೆ ಮುಖ ಮಾತ್ರ ಕಾಣುವ ಕೂಸುಗಳು. ಕೆನ್ನೆಗೆ ಕಾಡಿಗೆಯ ಬೊಟ್ಟು, ಕೈಗೆ ಬಜೆಯ ಮಣಿ, ಅಜ್ಜಿಯರ ತೋಳಿನ ಮೇಲೆ ಮಡಿಚಿದ ಕೌದಿ. ಕಿವಿಗೆ ಅರಳೆ ಇಟ್ಟು ಸ್ಕಾರ್ಫ್ ಬಿಗಿದ ಬಾಣಂತಿಯರ ಕೈಯಲ್ಲಿ ಅಂಚು ಸವೆದ ತಾಯಿ ಕಾರ್ಡ್. ಬಸುರಾದಾಗ ಶುರುವಾದ ಆ ಕಾರ್ಡ್‌ನಲ್ಲಿ ತೂಕ, ರಕ್ತದ ಪ್ರಮಾಣ, ಹೆರಿಗೆಯ ದಿನ, ಮಗುವಿನ ಸೂಜಿಗಳ ಲೆಕ್ಕ ಎಲ್ಲ ಒಂದರ ಕೆಳಗೊಂದು ಬರೆದಿದೆ. ಬಾಗಿಲ ಬಳಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಅಳುವ ದನಿ ಕೇಳಿ ಕೆಲವರ ಮುಖ ಬಾಡುತ್ತದೆ.

ಮೊದಲು ಕುಳಿತವಳು ಚೊಚ್ಚಲ ಬಸುರಿ, ನಾಲ್ಕನೇ ತಿಂಗಳು. ತೋಳು ಮುಂದೆ ಚಾಚಿದವಳು ಹಿಂದಕ್ಕೆಳೆದುಕೊಂಡಳು.

“ಅಕ್ಕಾರ, ನನಗ ಸೂಜಿ ಹಾಕಿದ್ರ ಒಳಗಿನ ಕೂಸಿಗೆ ಏನೂ ಆಗಂಗಿಲ್ಲಲ್ರಿ?”

ನರ್ಸಕ್ಕ ಸಿರಿಂಜನ್ನು ಕೆಳಗಿಟ್ಟರು. “ಇದು ಕೂಸಿಗೆ ಅಂತನ ಹಾಕೋದವ್ವ,” ಎಂದು ಶುರುಮಾಡಿದರು. ಟಿಡಿ ಲಸಿಕೆ ಧನುರ್ವಾಯು ಮತ್ತು ಗಂಟಲುಮಾರಿಗೆ ಎದುರಾಗಿ ತಾಯಿಯ ಮೈಯಲ್ಲಿ ರಕ್ಷಣೆ ಕಟ್ಟುತ್ತದೆ; ಆ ರಕ್ಷಣೆ ಮಾಸಿನ ಮೂಲಕ ಹರಿದು ಕೂಸಿಗೂ ಸೇರುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ, ಕೂಸಿಗೆ ತನ್ನದೇ ಲಸಿಕೆ ಇನ್ನೂ ಸಿಗದ ಹೊತ್ತಿನಲ್ಲಿ, ಅದರ ಜೊತೆಗಿರುವುದು ತಾಯಿಯಿಂದ ಬಂದದ್ದೇ. ಮೊದಲ ಡೋಸ್ ಈಗ, ಎರಡನೆಯದು ನಾಲ್ಕು ವಾರದ ಮೇಲೆ. ಎಲ್ಲ ಲಸಿಕೆಯನ್ನೂ ಬಸುರಿಗೆ ಕೊಡುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ದಡಾರ-ರುಬೆಲ್ಲಾದಂಥ ಜೀವಂತ ಲಸಿಕೆಗಳನ್ನು ಬಸುರಿನಲ್ಲಿ ಹಾಕುವುದಿಲ್ಲ. ಯಾವುದು ಸರಿ, ಯಾವುದು ಬೇಡ ಎಂದು ಬೇರ್ಪಡಿಸಿಯೇ ಪಟ್ಟಿ ಮಾಡಿದ್ದಾರೆ. ಆಕೆ ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ ತಾನಾಗಿಯೇ ರವಿಕೆಯ ತೋಳು ಸರಿಸಿದಳು.

ಗೋಡೆಗೊರಗಿ ಕುಳಿತಿದ್ದ ಮುದುಕಿಯೊಬ್ಬಳು ಇದನ್ನೆಲ್ಲ ಕೇಳುತ್ತಿದ್ದಳು. ಅವಳ ಕಾಲದಲ್ಲಿ ಹೆರಿಗೆ ಮನೆಯಲ್ಲೇ. ಹೊಕ್ಕುಳಬಳ್ಳಿ ಕೊಯ್ಯಲು ಕೈಗೆ ಸಿಕ್ಕ ಕುಡುಗೋಲು, ಗಾಯಕ್ಕೆ ಬೂದಿ. ಚೆನ್ನಾಗಿ ಮೊಲೆ ಕುಡಿಯುತ್ತಿದ್ದ ಕೂಸು ನಾಲ್ಕೈದು ದಿನಕ್ಕೆ ದವಡೆ ಬಿಗಿದು ಬಾಯಿ ಬಿಡದಾಗುತ್ತಿತ್ತು. ಮುಟ್ಟಿದರೆ ಸಾಕು, ಮೈ ಸೆಟೆಯುತ್ತಿತ್ತು. ಯಾವುದೋ ಗಾಳಿ ಬಡಿಯಿತೆಂದು ಮನೆಯವರು ನಂಬುತ್ತಿದ್ದರು. “ನನ್ನ ತಂಗಿದು ಎರಡು ಹಂಗ ಹೋದವು,” ಎಂದಷ್ಟೇ ಹೇಳಿ ಮುದುಕಿ ಸುಮ್ಮನಾದಳು. ಬಸುರಿಯರಿಗೆ ಸೂಜಿ, ಆಸ್ಪತ್ರೆಯಲ್ಲಿ ಹೆರಿಗೆ, ಹೊಕ್ಕುಳಿಗೆ ಶುಚಿಯಾದ ಬ್ಲೇಡು ಎಂಬ ಮೂರೂ ಸೇರಿ ಆ ಸಾವುಗಳನ್ನು ನಿಲ್ಲಿಸಿದವು. ಭಾರತ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಇಂದು ಸೂಜಿಗೆ ಹೆದರುವ ಎಳೆಯ ತಾಯಿ ಆ ಕಾಯಿಲೆಯನ್ನು ಕಣ್ಣಾರೆ ಕಂಡವಳಲ್ಲ. ಕಂಡದ್ದು ಸೂಜಿಯ ನೋವನ್ನು ಮಾತ್ರ. ಅವಳ ಭಯ ಎಲ್ಲಿಂದ ಬಂತೆಂದು ತಿಳಿಯಲು ಇಷ್ಟು ಸಾಕು.

ಮುಂದಿನದು ಆರು ವಾರದ ಹೆಣ್ಣುಕೂಸು. ಬಿಸಿಜಿ, ಪೋಲಿಯೊದ ಸೊನ್ನೆ ಡೋಸ್, ಹೆಪಟೈಟಿಸ್ ಬಿ ಮೂರೂ ಹುಟ್ಟಿದ ಆಸ್ಪತ್ರೆಯಲ್ಲೇ ಆಗಿವೆ. ಇಂದು ಬಾಯಿಗೆ ಪೋಲಿಯೊ ಹನಿ, ರೋಟಾ ಹನಿ; ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಬಲತೋಳಿನ ಚರ್ಮದ ಪದರದೊಳಗೆ ಪೋಲಿಯೊ ಚುಚ್ಚುಮದ್ದಿನ ಸಣ್ಣ ಪ್ರಮಾಣ. ಕೂಸಿನ ಅಜ್ಜಿ ಎಣಿಸಿ ನೋಡಿ ಎದ್ದೇ ನಿಂತಳು. “ಒಂದ ದಿನಕ್ಕ ಮೂರು ಸೂಜಿ? ಇಷ್ಟಗಲ ಕೂಸು ತಡಕೊಳ್ಳತೈತೇನ?”

ಇದು ಹಳ್ಳಿಯಲ್ಲೂ ಬೆಂಗಳೂರಿನ ಮಹಡಿ ಮನೆಯಲ್ಲೂ ಒಂದೇ ರೀತಿ ಕೇಳಿಬರುವ ಪ್ರಶ್ನೆ. ನರ್ಸಕ್ಕ ಪೆಂಟಾದ ಸೀಸೆಯನ್ನೇ ಅಜ್ಜಿಯ ಕೈಗಿಟ್ಟರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಕಾಮಾಲೆ, ಹಿಬ್ ಎಂಬ ಸೂಕ್ಷ್ಮಾಣು ತರುವ ನ್ಯುಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತ: ಐದಕ್ಕೆ ಐದು ಸೂಜಿ ಹಾಕುವ ಬದಲು ಒಂದೇ. ಹುಟ್ಟಿದ ಗಳಿಗೆಯಿಂದ ಉಸಿರಾಡುವ ಗಾಳಿ, ಮುದ್ದಾಡುವ ಕೈ, ನೆಲದ ದೂಳು ಎಲ್ಲದರಿಂದ ಅಸಂಖ್ಯ ಸೂಕ್ಷ್ಮಾಣುಗಳನ್ನು ಎದುರಿಸುವ ಮೈ ಅದು. ಲಸಿಕೆಯಲ್ಲಿರುವುದು ಅದರ ಮುಂದೆ ಬಹಳ ಸಣ್ಣ ಪಾಠ. ಬೇರೆ ಬೇರೆ ದಿನ ಹಾಕಿಸಿದರೆ ನೋವು ಕಡಿಮೆಯಾಗುವುದಿಲ್ಲ, ನೋವಿನ ದಿನಗಳು ಹೆಚ್ಚುತ್ತವೆ. ನಡುವಿನ ದಿನಗಳಲ್ಲಿ ಕೂಸು ರಕ್ಷಣೆಯಿಲ್ಲದೆ ಇರುತ್ತದೆ. ಗಂಟಲುಮಾರಿ ಹಳೆಯ ಮಾತಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇತ್ತೀಚಿನ ವರ್ಷಗಳಲ್ಲೂ ಅದು ಮಕ್ಕಳನ್ನು ಹಿಡಿದಿದೆ.

ಅಜ್ಜಿ ಕೂತಳು, ಆದರೆ ಸೊಸೆ ಬಾಯಿಬಿಟ್ಟಳು. ಮೊದಲ ಮಗನಿಗೆ ಪೆಂಟಾ ಹಾಕಿದ ರಾತ್ರಿ ಜ್ವರ ಬಂದು, ತೊಡೆ ಗಟ್ಟಿಯಾಗಿ, ಬೆಳತನಕ ಅತ್ತಿತ್ತು. ಆಗ ಯಾರೂ ಮುಂಚೆ ಹೇಳಿರಲಿಲ್ಲ. ಗಂಡ ಸಿಟ್ಟಾಗಿ ಮುಂದಿನ ಸೂಜಿ ಬಿಡಿಸಿದ್ದ. ಇಡೀ ದಿನದಲ್ಲಿ ಕೇಳಿದ ಮಾತುಗಳಲ್ಲಿ ಇದು ನನ್ನನ್ನು ಹೆಚ್ಚು ಕಾಡಿತು. ಅವಳಿಗೆ ಲಸಿಕೆ ಮೋಸ ಮಾಡಿರಲಿಲ್ಲ. ಹೇಳಬೇಕಾದದ್ದನ್ನು ಹೇಳದೆ ಬಿಟ್ಟದ್ದರಿಂದ ಅವಳಿಗೆ ಮೋಸವಾದಂತಾಗಿತ್ತು.

ಈ ನರ್ಸಕ್ಕ ಬಿಡಲಿಲ್ಲ. ಪ್ರತಿ ತಾಯಿಗೂ ನಾಲ್ಕು ಮಾತು: ಇವತ್ತು ಹಾಕಿದ್ದು ಯಾವುದು, ಯಾವ ಕಾಯಿಲೆಗೆ; ಏನಾಗಬಹುದು, ಆದರೆ ಏನು ಮಾಡಬೇಕು; ಮುಂದೆ ಯಾವಾಗ ಬರಬೇಕು; ಕಾರ್ಡ್ ಜೋಪಾನ, ಮುಂದಿನ ಸಲ ತರಬೇಕು. ಜ್ವರ ಬರಬಹುದು, ಬಂದರೆ ಒಂದೆರಡು ದಿನ. ತೂಕ ನೋಡಿ ಕೊಟ್ಟ ಅಳತೆಯಲ್ಲಿ ಪ್ಯಾರಾಸಿಟಮಾಲ್. ಊದಿದ ಜಾಗಕ್ಕೆ ತಣ್ಣೀರಿನ ಬಟ್ಟೆ. ತಿಕ್ಕುವುದು, ಕಾಯಿಸುವುದು, ಅರಿಸಿನ ಮೆತ್ತುವುದು ಬೇಡ. ಮೊಲೆಹಾಲು ಬಿಡಬೇಡಿ. ಜ್ವರ ಇಳಿಯದಿದ್ದರೆ, ಕೂಸು ಮಂಕಾದರೆ, ಫಿಟ್ಸ್ ಬಂದರೆ ರಾತ್ರಿಯಾದರೂ ಫೋನ್ ಮಾಡಿ. ಈಗ ಅರ್ಧ ಗಂಟೆ ಇಲ್ಲೇ ಕೂತಿರಿ. ತಾಯಿ ಕೂಸನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದಳು. ಮೂರು ಚೀರಾಟಗಳ ನಂತರ ಮೊಲೆಗೆ ಹಚ್ಚಿದಾಗ ಅಂಗನವಾಡಿ ಒಂದು ಕ್ಷಣ ನಿಶ್ಶಬ್ದವಾಯಿತು. ಮರುಗಳಿಗೆ ಮುಂದಿನ ಕೂಸು ಶುರುಮಾಡಿತು.

ಇನ್ನೊಬ್ಬಳು ಸೂಜಿಗೆ ಬಂದಿರಲೇ ಇಲ್ಲ, ತೋರಿಸಲು ಬಂದಿದ್ದಳು. ಬಿಸಿಜಿ ಹಾಕಿಸಿದ ಎಡತೋಳಿನಲ್ಲಿ ಗುಳ್ಳೆಯೆದ್ದು ಕೀವು ಒಸರುತ್ತಿದೆ. ಆ ಲಸಿಕೆ ಕೆಲಸ ಮಾಡುವ ರೀತಿಯೇ ಹಾಗೆ. ಏನೂ ಹಚ್ಚದೆ ಒಣಗಲು ಬಿಟ್ಟರೆ ಕೆಲವು ವಾರಗಳಲ್ಲಿ ಸಣ್ಣ ಕಲೆ ಉಳಿದು ಮಾಯುತ್ತದೆ. ಇದನ್ನು ವಿವರಿಸುತ್ತಿದ್ದಂತೆ ಗೋಡೆ ಬದಿಯ ಮುದುಕಿ ಸೆರಗು ಸರಿಸಿ ತನ್ನ ತೋಳು ತೋರಿಸಿದಳು. ಅಲ್ಲಿ ಇನ್ನೂ ದೊಡ್ಡ, ದುಂಡನೆಯ ಕಲೆ. ಅದು ಸಿಡುಬಿನ ಲಸಿಕೆಯ ದಾಖಲೆ. ‘ಅಮ್ಮ’ ಬಂದಳೆಂದು ಬೇವಿನ ಸೊಪ್ಪು ಕಟ್ಟಿ ಬಾಗಿಲು ಮುಚ್ಚುತ್ತಿದ್ದ ಆ ಕಾಯಿಲೆಯ ಕೊನೆಯ ಪ್ರಕರಣಗಳನ್ನು ಭಾರತ ಕಂಡದ್ದು 1975ರಲ್ಲಿ.

ತೋಳು ತೋರಿಸುವ ಹೆಣ್ಣಿಗೆ ಕನ್ನಡನಾಡಿನಲ್ಲಿ ಇನ್ನೂ ಹಳೆಯ ಚರಿತ್ರೆಯಿದೆ. 1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಒಬ್ಬಳು ಸೀರೆಯಂಚನ್ನು ಸರಿಸಿ ಎಡತೋಳಿನತ್ತ ಬೆರಳು ತೋರುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಬೆರಳಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗದ ಮೇಲೆ, ನಡುವೆ ನಿಂತ ಹಿರಿಯಳು ಲಕ್ಷ್ಮಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಭಾರತದಲ್ಲಿ ಮೊದಲ ಲಸಿಕೆ ಹಾಕಿ ಆಗಿನ್ನೂ ಮೂರು ವರ್ಷ. ಹೊಸ ಮದ್ದಿನ ಬಗ್ಗೆ ಎಲ್ಲೆಲ್ಲೂ ಅಂಜಿಕೆ. ಆ ವಾದ ಸರಿಯಿದ್ದರೆ, ಆ ಚಿತ್ರ ಹೆದರಿದ ಹೆಂಗಸರಿಗೆ ಒಬ್ಬ ಹೆಂಗಸು ತೋಳು ತೋರಿಸಿ ಹೇಳಿದ ಧೈರ್ಯದ ಮಾತು. ಆಶಾ ಕಾರ್ಯಕರ್ತೆ ಓಣಿಯಲ್ಲಿ “ನನ್ನ ಮಗಳಿಗೂ ಇದನ್ನ ಹಾಕ್ಸೀನಿ, ನೋಡ್ರಿ ಹ್ಯಾಂಗ ಅದಾಳ” ಎನ್ನುವಾಗ ಮಾಡುವುದೂ ಅದನ್ನೇ.

ಹನ್ನೊಂದೂವರೆಗೆ ಒಂಬತ್ತು ತಿಂಗಳ ಮಗುವಿಗಾಗಿ ದಡಾರ-ರುಬೆಲ್ಲಾ ಸೀಸೆ ತೆರೆದಾಗಿದೆ. ಪುಡಿಗೆ ದ್ರಾವಣ ಬೆರೆಸಿದ ಸಮಯವನ್ನು ಸೀಸೆಯ ಮೇಲೇ ಬರೆದಿದ್ದಾರೆ, ಯಾಕೆಂದರೆ ನಾಲ್ಕು ಗಂಟೆ ಕಳೆದರೆ ಅದನ್ನು ಬಳಸುವಂತಿಲ್ಲ. ಬರಬೇಕಾದ ಇನ್ನೊಬ್ಬ ತಾಯಿ ನಾಟಿಗೆ ಹೋಗಿದ್ದಾಳೆ. ಬದುವಿನ ಮೇಲೆ ನಿಂತು ಆಶಾ ಕೂಗುತ್ತಾಳೆ. ಅತ್ತ ಕಡೆಯಿಂದ, “ಅರ್ಧಕ್ಕ ಬಂದ್ರ ಪಗಾರ ಹಿಡೀತಾರವ್ವ!” ಇಂಥ ಮನೆಯಲ್ಲಿ ಲಸಿಕೆಯ ನಿರ್ಧಾರ ನಂಬಿಕೆ-ಅಪನಂಬಿಕೆಯದ್ದಲ್ಲ, ಅರ್ಧ ದಿನದ ಕೂಲಿಯದು. ಊಟದ ಬಿಡುವಿನಲ್ಲಿ ಅವಳು ಕೆಸರುಗಾಲಲ್ಲೇ ಓಡಿಬಂದಳು, ಕಂಕುಳಲ್ಲಿ ಮಗು.

ಅವಳು ನಿಂತು ಬಂದ ಗದ್ದೆಗೂ ಅವಳ ಮಗುವಿಗೆ ಇಂದು ಸಿಗುವ ಇನ್ನೊಂದು ಲಸಿಕೆಗೂ ನಂಟಿದೆ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರದ ವೈರಸ್ ನೀರುಹಕ್ಕಿಗಳಲ್ಲಿ, ಹಂದಿಗಳಲ್ಲಿ ಇರುತ್ತದೆ. ನಿಂತ ನೀರಿನ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮಕ್ಕಳಿಗೆ ದಾಟಿಸುತ್ತದೆ. ಕೊಪ್ಪಳ, ಬಳ್ಳಾರಿ, ರಾಯಚೂರಿನ ಭತ್ತದ ಸೀಮೆಯಲ್ಲಿ ಒಂಬತ್ತು ತಿಂಗಳಿಗೆ ಜೆಇ ಲಸಿಕೆ ಕೊಡುವುದು ಅದಕ್ಕಾಗಿ. ದಡಾರ-ರುಬೆಲ್ಲಾ ಲಸಿಕೆ ನಾಳೆಗೂ ಸೇರಿದ್ದು. ಇಂದಿನ ಹೆಣ್ಣುಮಗು ಮುಂದೆ ಬಸುರಾದಾಗ ರುಬೆಲ್ಲಾ ತಗಲಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. ಈ ಸೂಜಿ ಇನ್ನೂ ಹುಟ್ಟದ ಮೊಮ್ಮಕ್ಕಳನ್ನೂ ಕಾಯುತ್ತದೆ.

ಮೂಲೆಯಲ್ಲಿ ಕುಳಿತ ತಾಯಿಯೊಬ್ಬಳು ಮೊಬೈಲ್ ಮುಂದೆ ಹಿಡಿದಳು. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿರುವ ಗಂಡ ಕಳಿಸಿದ ಧ್ವನಿ ಸಂದೇಶ: ಈ ಸೂಜಿ ಹಾಕಿದರೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಮಾತು ಬರುವುದಿಲ್ಲವಂತೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗಲೂ ಇಂಥವೇ ವಾಟ್ಸ್ಆ್ಯಪ್ ಮಾತುಗಳು ಹರಿದಾಡಿ ಪೋಷಕರನ್ನು ಬೆದರಿಸಿದ್ದವು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯ ಹರಡಿದ್ದು 1998ರಲ್ಲಿ ಬ್ರಿಟನ್ನಿನ ವೈದ್ಯ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಹನ್ನೆರಡು ಮಕ್ಕಳನ್ನಿಟ್ಟುಕೊಂಡು ಬರೆದ ಲೇಖನದಿಂದ. ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಅದನ್ನು ಹಿಂಪಡೆಯಿತು, ಅದೇ ವರ್ಷ ಆತನ ವೈದ್ಯಕೀಯ ಪರವಾನಗಿಯೂ ಹೋಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥ ಯಾವ ಸಂಬಂಧವನ್ನೂ ಕಾಣಲಿಲ್ಲ. ನರ್ಸಕ್ಕ ಡೆನ್ಮಾರ್ಕಿನ ಮಾತಾಡಲಿಲ್ಲ. ಗಂಡನಿಗೆ ಫೋನ್ ಹಚ್ಚು ಎಂದರು. ಸ್ಪೀಕರಿನಲ್ಲಿ ಅವನ ಮಾತನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಆಮೇಲೆ ಉತ್ತರ ಕೊಟ್ಟರು. ಅವನು, “ಆತ್ರಿ, ನೀವು ಹೇಳ್ತೀರಿ ಅಂದ್ರ ಹಾಕಿಸ್ರಿ” ಅಂದ. ಅವನು ಒಪ್ಪಿದ್ದು ತನ್ನ ಮಾತು ಕೇಳಿಸಿಕೊಂಡವರಿಗೆ.

ಪ್ರಶ್ನೆಗಳು ನಗರದಲ್ಲಿ ಬೇರೆ ರೂಪ ತಾಳುತ್ತವೆ. ಖಾಸಗಿ ಕ್ಲಿನಿಕ್ಕಿನಲ್ಲಿ ಬಸುರಿಗೆ ಏಳನೇ ತಿಂಗಳಿನ ಹೊತ್ತಿಗೆ ಟಿಡ್ಯಾಪ್ ಸೂಚಿಸುತ್ತಾರೆ. ಟಿಡಿಯ ಜೊತೆ ನಾಯಿಕೆಮ್ಮಿನ ರಕ್ಷಣೆಯೂ ಸೇರಿದ ಲಸಿಕೆ ಅದು. 2012ರಲ್ಲಿ ಬ್ರಿಟನ್ನಿನಲ್ಲಿ ನಾಯಿಕೆಮ್ಮು ಹರಡಿ ಎಳೆಗೂಸುಗಳು ಸತ್ತಾಗ ಅಲ್ಲಿನ ಸರ್ಕಾರ ಬಸುರಿಯರಿಗೆ ಈ ರಕ್ಷಣೆ ಕೊಡತೊಡಗಿತು. ಅಮೆರಿಕದಲ್ಲಿ ಹೆತ್ತ ಕನ್ನಡತಿ ತನ್ನ ಕೂಸಿಗೆ ಬಿಸಿಜಿ ಹಾಕಲಿಲ್ಲವೇಕೆಂದು ತವರಿಗೆ ಫೋನ್ ಮಾಡುತ್ತಾಳೆ. ಕ್ಷಯ ವಿರಳವಾದ ಆ ದೇಶದಲ್ಲಿ ಎಲ್ಲ ಮಕ್ಕಳಿಗೂ ಅದನ್ನು ಕೊಡುವ ವಾಡಿಕೆಯಿಲ್ಲ. ಪಟ್ಟಿ ದೇಶದಿಂದ ದೇಶಕ್ಕೆ ಬದಲಾಗುವುದು ಕಾಯಿಲೆಗಳು ಬದಲಾಗುವುದರಿಂದ.

ಒಂದೂವರೆಗೆ ಸಾಲು ಕರಗಿತು. ರಿಜಿಸ್ಟರಿನಲ್ಲಿ ಒಂದು ಹೆಸರಿನ ಮುಂದೆ ಮಾತ್ರ ಖಾಲಿ. ಆ ಬಾಣಂತಿ ಮೂರು ತಿಂಗಳು ತವರಿನಲ್ಲಿದ್ದು ಹೋದ ವಾರ ಗಂಡನ ಮನೆಗೆ ಬಂದವಳು. ಕಾರ್ಡ್ ತವರಲ್ಲೇ ಉಳಿದಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳೂ ಆ ಬಾಣಂತನದೊಳಗೇ ಬರುತ್ತವೆ. ಅಲ್ಲಿನ ಆಶಾ ‘ಗಂಡನೂರಿನವಳು’ ಎಂದುಕೊಂಡರೆ, ಇಲ್ಲಿನವಳು ‘ತವರಿನಲ್ಲಿದ್ದಾಳೆ’ ಎಂದುಕೊಂಡರೆ, ಕೂಸು ಎರಡೂ ಪಟ್ಟಿಯಿಂದ ಜಾರುತ್ತದೆ. ಯು-ವಿನ್ ಎಂಬ ಆನ್‌ಲೈನ್ ಲಸಿಕೆ ದಾಖಲೆ ಬಂದ ಮೇಲೆ ಈ ತೊಡಕು ಸಡಿಲವಾಗಿದೆ, ಆದರೂ ಮನೆ ಬಾಗಿಲಿಗೆ ಹೋಗುವವರು ಬೇಕೇ ಬೇಕು. ಆಶಾ ಮತ್ತು ನರ್ಸಕ್ಕ ಹೊರಟರು. ಮೂರು ತಿಂಗಳ ಮಗುವನ್ನು ಬಿಸಿಲಿಗೆ ಒಯ್ಯಬಾರದು ಎಂದು ಅತ್ತೆಯ ಹಟ. ನರ್ಸಕ್ಕ ವಾದಕ್ಕಿಳಿಯದೆ ಜಗಲಿಯ ಮೇಲೆ ಕುಳಿತು, ನೀರು ಕೇಳಿ ಕುಡಿದು, ತವರಿನ ಆಶಾಳಿಗೆ ಫೋನ್ ಮಾಡಿ ಕಾರ್ಡ್‌ನ ಫೋಟೊ ತರಿಸಿಕೊಂಡರು. ಎರಡನೇ ಡೋಸ್ ಬಾಕಿ. ಅತ್ತೆ ಸುಮಾರು ಹೊತ್ತು ಕೇಳಿ, ಕೊನೆಗೆ ಕುಂಚಿಗೆ ಹುಡುಕಲು ತಾನೇ ಒಳಗೆ ಹೋದಳು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಿಂದ 2019-21ರ ಐದನೇ ಸುತ್ತಿಗೆ ಬರುವಷ್ಟರಲ್ಲಿ ಕರ್ನಾಟಕದಲ್ಲಿ ಎಲ್ಲ ಮೂಲ ಲಸಿಕೆಗಳನ್ನು ಪಡೆದ ಮಕ್ಕಳ ಪ್ರಮಾಣ ಶೇ 62ರ ಆಸುಪಾಸಿನಿಂದ ಶೇ 84ಕ್ಕೆ ಏರಿತು. ಆ ಏರಿಕೆಯ ಹಿಂದೆ ಇಂಥ ಜಗಲಿಗಳ ಮೇಲಿನ ಮಾತುಕತೆಗಳಿವೆ. ತಾಯಿಯ ಪ್ರಶ್ನೆ ಲಸಿಕೆಯ ವಿರೋಧವಲ್ಲ. ಹೆತ್ತವಳು ಕೇಳದೆ ಇನ್ನಾರು ಕೇಳಬೇಕು? ಅವಳನ್ನು ಗದರಿಸಿ ಕಳಿಸುವ ಪ್ರತಿಯೊಬ್ಬರೂ ಮುಂದಿನ ಡೋಸನ್ನು ತಪ್ಪಿಸುತ್ತಾರೆ. ಹತ್ತು ನಿಮಿಷ ಕೂತು ನಿಜ ಹೇಳುವವರು ಇಡೀ ಓಣಿಯ ನಂಬಿಕೆ ಗಳಿಸುತ್ತಾರೆ.

ಇನ್ನು ಮನೆಯವರಿಗೆ. ಗಂಡಂದಿರೇ, ಆ ಅರ್ಧ ದಿನ ಹೆಂಡತಿಯ ಜೊತೆ ಹೋಗಿ. ಅಳುವ ಕೂಸನ್ನು ಹಿಡಿದು, ಜ್ವರದ ರಾತ್ರಿ ಅವಳೊಂದಿಗೆ ಎದ್ದಿರಿ. ಅತ್ತೆ-ಅವ್ವಂದಿರೇ, ನೀವು ಕಂಡ ಸಾವುಗಳ ಕತೆಯನ್ನು ಸೊಸೆಗೆ, ಮಗಳಿಗೆ ಹೇಳಿ. ತವರಿಗೆ ಹೋಗುವಾಗಲೂ ಬರುವಾಗಲೂ ತಾಯಿ ಕಾರ್ಡ್ ಮೊದಲು ಚೀಲ ಸೇರಲಿ. ಅನುಮಾನವಿದ್ದರೆ ಮನೆಯಲ್ಲಿ ಉಳಿಯಬೇಡಿ, ಹೋಗಿ ಕೇಳಿ. ಒಂದು ಡೋಸ್ ತಪ್ಪಿದೆಯೆಂದು ಸಂಕೋಚಪಟ್ಟು ನಿಲ್ಲಬೇಡಿ. ಮೊದಲಿನಿಂದ ಶುರುಮಾಡಬೇಕಾಗಿಲ್ಲ, ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ.